ಹತ್ಯಾರ, ಮದ್ದು, ತಾಲೀಮು: ಘಟಪ್ರಭಾ ದಂಡೆಯ ಬಂದೂಕಿನ ಕಥಿ

ಭಾಗ 1 | ಠಾಣೆಗೆ ಹೋಗುವ ಬಂದೂಕು

ಚುನಾವಣೆ ಘೋಷಣೆ ಆತಂದ್ರ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಪೊಲೀಸ್ ಠಾಣೆಗಳಿಗೆ ಒಂದು ಹೆಚ್ಚಿನ ಕೆಲಸ ಬರುತ್ತದೆ. ಆದೇಶ ಬಂದ ಲೈಸೆನ್ಸ್‌ದಾರರು ತಮ್ಮ ಬಂದೂಕು ತಂದು ಒಪ್ಪಿಸಬೇಕು, ರಸೀದಿ ತಗೊಂಡು ಹೋಗಬೇಕು. ಚುನಾವಣೆ ಮುಗಿದ ಮೇಲೆ ಆ ರಸೀದಿ ತೋರಿಸಿ ವಾಪಸ್ ಒಯ್ಯಬೇಕು. ಇದಕ್ಕೆ ಯಾರೂ ಈಗ ಜಗಳ ತೆಗೆಯೋದಿಲ್ಲ. "ಬರಕೋರಿ ಸಾಹೇಬ್ರ" ಅಂದು ಸಹಿ ಹಾಕಿ ಹೋಗ್ತಾರೆ.

ಇದೇ ಘಟಪ್ರಭಾ ಹೊಳೆ ಹುಕ್ಕೇರಿ, ಗೋಕಾಕ, ಮೂಡಲಗಿ ದಾಟಿ ಮುಧೋಳ ಸೀಮೆಗೆ ಹೋಗುತ್ತದೆ. ಆ ಸೀಮೆಯಲ್ಲಿ 1857ರಲ್ಲಿ ಇಂಥದ್ದೇ ಒಂದು ಮಾತಿಗೆ ಒಂದು ಊರು ಸುಟ್ಟುಹೋಯಿತು. ಹತ್ಯಾರ ಬರೆಸ್ರಿ ಅಂತ ಹುಕುಂ ಬಂತು, ಬೇಡರು ಒಲ್ಲೆವು ಅಂದರು, 19 ಮಂದಿ ಗಲ್ಲಿಗೇರಿದರು. ಊರ ಹೆಸರು ಹಲಗಲಿ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಆ ಲಾವಣಿ ಓದಿದವರು ನಿಮ್ಮಲ್ಲಿ ಬಾಳ ಮಂದಿ ಅದೀರಿ.

ಈ ಸರಣಿ ಆ ದಂಗೆಯ ಕಥೆ ಮಾತ್ರ ಅಲ್ಲ. "ಆತ್ಮರಕ್ಷಣೆಗೆ ಯಾವ ಬಂದೂಕು ಚಲೋ? ಜೋಡಿ ಏನೇನ್ ಸಾಮಾನು ಬೇಕು?" ಅಂತ ಕೇಳುವವರು ಈಗಲೂ ಇದ್ದಾರೆ. ಆ ಪ್ರಶ್ನೆಯನ್ನು ನಮ್ಮ ಸೀಮೆಯ ಹಿರಿಯರು ಇನ್ನೂರು ವರ್ಷಗಳ ಹಿಂದೆ ಹೇಗೆ ಬಿಡಿಸಿಕೊಂಡಿದ್ದರು, ಎಲ್ಲಿ ಗೆದ್ದರು, ಎಲ್ಲಿ ಸೋತರು ಅಂತ ನೋಡೋಣ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಈ ನಾಡಿನ ಜನ ಸೋತದ್ದು ಕೈಯಲ್ಲಿ ಹತ್ಯಾರ ಇರಲಿಲ್ಲ ಅಂತಲ್ಲ. ಹತ್ಯಾರದ ಹಿಂದೆ ನಿಲ್ಲಬೇಕಾದ ಮದ್ದು, ತಾಲೀಮು, ಕಾವಲು, ಕಾಗದ, ಇವುಗಳಲ್ಲಿ ಒಂದಿಲ್ಲೊಂದು ಕೈಕೊಟ್ಟಿತು. ಒಂದೊಂದಾಗಿ ಬರ್ತೀನಿ.

ಭಾಗ 2 | ಹೊಲ ಕೊಟ್ಟು ಹತ್ಯಾರ ಕೇಳಿದ ಕಾಲ

ಇವತ್ತು ಬಂದೂಕು ಅಂದ್ರೆ ಲೈಸೆನ್ಸ್, ಡಿ.ಸಿ. ಆಫೀಸು, ಪೊಲೀಸ್ ವರದಿ. ಇನ್ನೂರು ವರ್ಷದ ಹಿಂದೆ ಲೆಕ್ಕ ಉಲ್ಟಾ ಇತ್ತು. ಹತ್ಯಾರ ಇದ್ದವನಿಗೇ ಹೊಲ ಸಿಗುತ್ತಿತ್ತು.

ಬೆಳಗಾವಿ, ಧಾರವಾಡ ಸೀಮೆಯಲ್ಲಿ ಶೇತಸನದಿ ಅನ್ನುವ ಪದ್ಧತಿ ಇತ್ತು. ಶೇತ ಅಂದ್ರೆ ಮರಾಠಿಯಲ್ಲಿ ಹೊಲ, ಸನದು ಅಂದ್ರೆ ಹಕ್ಕುಪತ್ರ. ಊರು ಕಾಯುವುದು, ಕಳ್ಳರ ಬೆನ್ನು ಹತ್ತುವುದು, ದೇಸಾಯರು ಕರೆದಾಗ ದಂಡಿಗೆ ಹೋಗುವುದು ಶೇತಸನದಿಯ ಕೆಲಸ. ಅದಕ್ಕೆ ಬದಲಾಗಿ ಅವನಿಗೆ ಇನಾಮು ಹೊಲ. ಕತ್ತಿ, ಗುರಾಣಿ, ಬಂದೂಕು ಮನೆಯಲ್ಲೇ ಇಟ್ಟುಕೊಂಡ ಮಂದಿ ಇವರು. ಸಂಗೊಳ್ಳಿ ರಾಯಣ್ಣ ಇಂಥ ಒಬ್ಬ ಶೇತಸನದಿ.

ಕೋಟೆಗಳಲ್ಲೂ ಇದೇ ರೀತಿ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬಳಿ ಹರಗಾಪುರದ ಗುಡ್ಡದ ಮೇಲೆ ವಲ್ಲಭಗಡ ಐತಲ್ಲ, ಅಂಥ ಗಡಗಳನ್ನು ಕಾಯುತ್ತಿದ್ದವರು ವಂಶಪರಂಪರೆಯ ಗಡಕರಿಗಳು. ಗಡದ ಕಾವಲು ಅವರದು, ಗಡಕ್ಕೆ ಸೇರಿದ ಹೊಲವೂ ಅವರದು. 1844ರಲ್ಲಿ ಕೊಲ್ಲಾಪುರ ಸಂಸ್ಥಾನದ ಹೊಸ ಆಡಳಿತ ಈ ಹೊಲಗಳ ವ್ಯವಸ್ಥೆಗೆ ಕೈ ಹಾಕಿತು. ಸಂಕೇಶ್ವರದ ಆಚೆ ಗಡಿಂಗ್ಲಜ ಹತ್ತಿರದ ಸಾಮಾನಗಡದ ಗಡಕರಿಗಳು ಕೋಟೆ ಬಾಗಿಲು ಹಾಕಿಕೊಂಡು ತಿರುಗಿಬಿದ್ದರು. ಅದೇ ವರ್ಷ ಅಕ್ಟೋಬರ್ 13ರಂದು ಇಂಗ್ಲಿಷರ ಪಡೆ ನುಗ್ಗಿ ಆ ಗಡ ಹಿಡಿಯಿತು.

ಇದನ್ನ ಯಾಕ ಹೇಳಿದೆ ಅಂದ್ರ, ಹತ್ಯಾರ ಅನ್ನೋದು ಆಗ ಗೋಡೆಗೆ ತೂಗುಹಾಕುವ ಶೋಕಿ ಆಗಿರಲಿಲ್ಲ. ಅದು ಹೊಲದ ಪಟ್ಟಾ, ನೌಕರಿಯ ಬಿಲ್ಲೆ, ಊರಾಗಿನ ಮರ್ಯಾದಿ ಎಲ್ಲವೂ ಆಗಿತ್ತು. "ಹತ್ಯಾರ ಕೊಡು" ಅಂದವನು "ನೌಕರಿ ಬಿಡು, ಹೊಲ ಬಿಡು" ಅಂದ ಹಾಗೆ. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡರೆ ಹಲಗಲಿ ಅರ್ಥ ಆಗುತ್ತದೆ.

ಭಾಗ 3 | ಬತ್ತಿ ಬಂದೂಕು ಹೊತ್ತವನ ಮೈಮೇಲಿನ ಸಾಮಾನು

ಆಗಿನ ಹಳ್ಳಿ ಬಂದೂಕು ಹೆಚ್ಚಾಗಿ ಬತ್ತಿ ಬಂದೂಕು. ಕುದುರೆ ಎಳೆದರೆ ಉರಿಯುವ ಹುರಿ ಬಾಗಿ ಬಂದು ಮದ್ದಿಗೆ ಕಿಡಿ ಮುಟ್ಟಿಸಬೇಕು, ಆಮೇಲೆ ಗುಂಡು ಹಾರಬೇಕು. ಇಷ್ಟಕ್ಕೆ ಎಷ್ಟು ಸಾಮಾನು ಬೇಕು ನೋಡ್ರಿ.

ಮದ್ದು ಒಣಗಿರಲು ಒಂದು ಕೊಂಬು ಅಥವಾ ತೊಗಲಿನ ಬುಡ್ಡಿ. ಬಂದೂಕಿನ ಮಗ್ಗಲಿನ ತೂತಿಗೆ ಹಾಕುವ ನುಣ್ಣನೆಯ ಮದ್ದಿಗೆ ಬೇರೆ ಸಣ್ಣ ಡಬ್ಬಿ. ಸೀಸದ ಗುಂಡಿನ ಚೀಲ, ಗುಂಡು ಎರಕ ಹೊಯ್ಯುವ ಅಚ್ಚು. ಮದ್ದು ಗುಂಡು ಒಳಗೆ ಜಡಿಯಲು ಉದ್ದನೆ ಕಡ್ಡಿ. ತೂತು ಕಟ್ಟಿದರೆ ಬಿಡಿಸಲು ತಂತಿ. ಹುರಿ ಹೊತ್ತಿಸಲು ಚಕಮಕಿ ಕಲ್ಲು. ಒರೆಸಲು ಅರಿವೆ. ಇದರಲ್ಲಿ ಒಂದು ಮರೆತರೂ ಕೈಯಲ್ಲಿರುವುದು ಬಂದೂಕಲ್ಲ, ಬಡಿಗೆ.

ಮಳೆಗಾಲದಲ್ಲಿ ಹುರಿ ನೆನೆಯುತ್ತದೆ, ಮದ್ದು ತೇವ ಹಿಡಿಯುತ್ತದೆ. ರಾತ್ರಿ ಹುರಿಯ ಕೆಂಡ ದೂರದಿಂದ ಕಾಣುತ್ತದೆ, ಅದರ ವಾಸನೆ ಬೇಟೆಗೂ ಗೊತ್ತಾಗುತ್ತದೆ, ವೈರಿಗೂ ಗೊತ್ತಾಗುತ್ತದೆ. ಮದ್ದಿನ ಬೆಂಕಿ ಕಣ್ಣಿನ ಪಕ್ಕದಲ್ಲೇ ಭಗ್ ಅನ್ನುತ್ತದೆ. ನುಣುಪು ನಳಿಗೆಯ ಬಂದೂಕಿನ ಗುರಿಯನ್ನು 100 ಮೀಟರಿನ ಆಚೆ ನಂಬುವಂತಿಲ್ಲ. ಒಂದು ಗುಂಡು ಹಾರಿಸಿ ಇನ್ನೊಂದು ತುಂಬುವ ಹೊತ್ತಿಗೆ ಕುದುರೆ ಸವಾರ ಮೈಮೇಲೆ ಬಂದಿರುತ್ತಾನೆ.

ಹಿಂಗಾಗಿ ಜಾಣ ಬೇಟೆಗಾರ ಒಂದನ್ನೇ ನಂಬುತ್ತಿರಲಿಲ್ಲ. ಸದ್ದಿಲ್ಲದೆ ಹೊಡೆಯಲು ಬಿಲ್ಲು ಬಾಣ. ಹಕ್ಕಿ ಓಡಿಸಲು, ಬೇಕಾದರೆ ತಲೆ ಒಡೆಯಲು ಕವಣೆ. ಅದರ ಗುಂಡು ಹಳ್ಳದಲ್ಲಿ ಪುಕ್ಕಟೆ. ಹತ್ತಿರ ಬಂದವನಿಗೆ ಕತ್ತಿ, ಈಟಿ, ಕೊಡಲಿ. ಕೊಡಲಿ, ಕುಡಗೋಲು ಬೆಳಗ್ಗೆ ಹೊಲಕ್ಕೆ, ರಾತ್ರಿ ಕಾವಲಿಗೆ.

ಇಲ್ಲೇ ಮುಂದಿನ ಜಗಳದ ಬೀಜ ಇತ್ತು. ಯಾವುದು ಹತ್ಯಾರ, ಯಾವುದು ಸಾಮಾನು? ಹಳ್ಳಿ ಮನೆಯಲ್ಲಿ ಅದಕ್ಕೆ ಗೆರೆ ಎಳೆಯುವುದು ಕಷ್ಟ. ಸರ್ಕಾರ ಆ ಗೆರೆ ಎಳೆಯಲು ಹೊರಟಿತು.

ಭಾಗ 4 | ಕಿತ್ತೂರು ಕಲಿಸಿದ ಮೂರು ಪಾಠ

ಹಲಗಲಿಗೆ ಹೋಗುವ ಮೊದಲು ನಮ್ಮ ಜಿಲ್ಲೆಯ ದಕ್ಷಿಣಕ್ಕೆ, ಕಿತ್ತೂರಿಗೆ ಹೋಗಿ ಬರೋಣ. 33 ವರ್ಷ ಹಿಂದೆ ಅಲ್ಲಿ ನಡೆದದ್ದು ಈ ಸೀಮೆಯವರಿಗೆಲ್ಲ ನೆನಪಿತ್ತು.

ಮೊದಲ ಪಾಠ ತಾಲೀಮು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಗುಂಡಿಗೆ ಬಿದ್ದ. ಗುರಿ ಇಟ್ಟವನು ಅಮಟೂರ ಬಾಳಪ್ಪ ಅಂತ ನಾಡು ನೆನೆಯುತ್ತದೆ. ತುಂಬಲು ಅಷ್ಟು ಹೊತ್ತು ಹಿಡಿಯುವ ಬಂದೂಕಿನಲ್ಲಿ ಎರಡನೇ ಅವಕಾಶ ಸಿಗುವುದಿಲ್ಲ. ಬಂದೂಕು ಬಾಳಪ್ಪನ ಕೈಯಲ್ಲಿ ಒಂದೇ ಇರಲಿಲ್ಲ, ಕೋಟೆಯಲ್ಲಿ ಎಷ್ಟೋ ಇದ್ದವು. ಹೆಸರು ಉಳಿದದ್ದು ಗುರಿಕಾರನದು.

ಎರಡನೇ ಪಾಠ ಮದ್ದು. ಡಿಸೆಂಬರದಲ್ಲಿ ಕಂಪನಿಯ ದೊಡ್ಡ ಪಡೆ ಬಂತು, 5ನೇ ತಾರೀಖಿಗೆ ಕೋಟೆ ಬಿತ್ತು. ಯಾಕ ಬಿತ್ತು ಅಂತ ನಮ್ಮ ಕಡೆ ಯಾವ ಅಜ್ಜನನ್ನು ಕೇಳಿದರೂ ಒಂದೇ ಉತ್ತರ: ಒಳಗಿನ ದ್ರೋಹಿಗಳು ಮದ್ದಿನಲ್ಲಿ ಸೆಗಣಿ ಬೆರೆಸಿದರು. ನಾಟಕ, ಸಿನಿಮಾ ಎಲ್ಲ ಕಡೆ ಇದು ಬಂದಿದೆ. ಇದು ಜನರ ಹೇಳಿಕೆ, ದಫ್ತರದ ಮಾತಲ್ಲ. ಆದರೂ ಜನ ಎಲ್ಲಿ ಬೆರಳು ತೋರಿಸಿದರು ನೋಡ್ರಿ: ತೋಪಿನ ಕಡೆ ಅಲ್ಲ, ಮದ್ದಿನ ಉಗ್ರಾಣದ ಕಡೆ. ಒಳ್ಳೆ ತೋಪು, ಕೆಟ್ಟ ಮದ್ದು, ಎರಡೂ ಕೂಡಿ ಸೊನ್ನೆ.

ಮೂರನೇ ಪಾಠ ಕಾವಲು. 1829ರ ಕೊನೆಯಿಂದ ರಾಯಣ್ಣ ಕಂಪನಿಯ ಠಾಣೆ, ಕಚೇರಿಗಳನ್ನು ಸುಡುತ್ತ, ಕಾಡಿನಲ್ಲಿ ಅಡಗುತ್ತ ಹೋರಾಡಿದ. 1830ರ ಏಪ್ರಿಲದಲ್ಲಿ ಅವನನ್ನು ಹಿಡಿದದ್ದು ಯುದ್ಧದಲ್ಲಲ್ಲ. ಡೋರಿ ಬೆಣಚಿ ಹಳ್ಳದಲ್ಲಿ ಜಳಕಕ್ಕೆ ಇಳಿದಾಗ, ಹತ್ಯಾರ ಬೇರೆಯವನ ಕೈಯಲ್ಲಿದ್ದಾಗ, ನಂಬಿದವರೇ ಹಿಡಿದುಕೊಟ್ಟರು ಅಂತ ಜನ ಹೇಳುತ್ತಾರೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಾಯಿತು.

ಗುರಿ ಕಲಿತವ ಗೆದ್ದ. ಮದ್ದು ಕಾಯದವರು ಸೋತರು. ಹತ್ಯಾರ ಯಾರ ಕೈಯಲ್ಲಿ ಐತಿ ಅಂತ ನೋಡದವ ಸಿಕ್ಕಿಬಿದ್ದ. ಮೂರೂ ಕಥೆಗಳಲ್ಲಿ ನಿರ್ಣಯ ಮಾಡಿದ್ದು ಬಂದೂಕಿನ ಜಾತಿ ಅಲ್ಲ.

ಭಾಗ 5 | ಒಂದು ತೋಟಾ, ಒಂದು ಕಾಯ್ದೆ

ಈಗ 1857. ಆ ವರ್ಷದ ದೊಡ್ಡ ಗದ್ದಲ ಶುರುವಾದದ್ದೇ ಒಂದು ಸಾಮಾನಿನಿಂದ. ಕಂಪನಿ ತನ್ನ ಸಿಪಾಯಿಗಳಿಗೆ ಹೊಸ ಎನ್‌ಫೀಲ್ಡ್ ಬಂದೂಕು ಕೊಡಲು ಹೊರಟಿತ್ತು. ನಳಿಗೆಯ ಒಳಗೆ ಸುತ್ತು ಗೆರೆ ಕೊರೆದಿದ್ದರಿಂದ ಗುಂಡು ತಿರುಗುತ್ತ ನೆಟ್ಟಗೆ ಹೋಗುತ್ತಿತ್ತು. ಹಳೆಯ ಬಂದೂಕಿನ ಗುರಿ ನಿಲ್ಲುವ ದೂರವನ್ನು ಇದು ಎಷ್ಟೋ ಪಟ್ಟು ದಾಟಿತು. ಅದರ ತೋಟಾ ಕಾಗದದ್ದು, ಜಿಡ್ಡು ಸವರಿದ್ದು, ಹಲ್ಲಿನಿಂದ ಹರಿದು ಮದ್ದು ಸುರಿಯಬೇಕು. ಜಿಡ್ಡು ದನದ್ದೋ ಹಂದಿಯದ್ದೋ ಅನ್ನುವ ಸಂಶಯಕ್ಕೆ ಹಿಂದೂಗಳೂ ಮುಸಲ್ಮಾನರೂ ಸಿಟ್ಟಾದರು. ಮಾರ್ಚ್ 29ಕ್ಕೆ ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ, ಮೇ 10ಕ್ಕೆ ಮೀರತ್. ಜಗತ್ತಿನ ಒಳ್ಳೆಯ ಬಂದೂಕುಗಳಲ್ಲಿ ಒಂದು. ಹಿಡಿಯುವವನ ನಂಬಿಕೆ ಕೇಳದೆ ಕೊಟ್ಟಿದ್ದಕ್ಕೆ ದೊರೆಗಳ ಕಡೆಗೇ ತಿರುಗಿತು.

ಬೆಂಕಿ ನಮ್ಮ ಬಾಗಿಲಿಗೂ ಬಂತು. ಜುಲೈ 31ರಂದು ಕೊಲ್ಲಾಪುರದಲ್ಲಿ 27ನೇ ಬಾಂಬೆ ಕಾಲಾಳು ಪಲ್ಟನ್ ತಿರುಗಿಬಿತ್ತು. ಬೆಳಗಾವಿಯ 29ನೇ ಪಲ್ಟನ್ ಮೇಲೂ, ಧಾರವಾಡದ 28ನೇ ಪಲ್ಟನ್ ಮೇಲೂ ಸಾಹೇಬರಿಗೆ ಸಂಶಯ. ಕೊಲ್ಲಾಪುರದ ಪಾಗಾದಲ್ಲಿ ಅಡಗಿದ ಸಿಪಾಯಿಗಳ ಮೇಲೆ ಬಾಗಿಲು ಒಡೆದು ನುಗ್ಗಿದ ದಕ್ಷಿಣ ಮರಾಠಾ ಕುದುರೆ ಪಡೆಯ ಲೆಫ್ಟಿನೆಂಟ್ ಕೆರ್ ಎಂಬವನಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಈ ಕೆರ್‌ನ ಹೆಸರು ನೆನಪಿಡ್ರಿ.

ಹೆದರಿದ ಸರ್ಕಾರ ಆ ಸೆಪ್ಟೆಂಬರದಲ್ಲೇ ಹತ್ಯಾರದ ಕಾಯ್ದೆ ತಂದಿತು: 1857ರ 28ನೇ ಕಾಯ್ದೆ. ಹತ್ಯಾರ, ಮದ್ದು ಮಾಡುವುದು, ಮಾರುವುದು, ತರಿಸುವುದು, ಇಟ್ಟುಕೊಳ್ಳುವುದು, ಎಲ್ಲದಕ್ಕೂ ಸರ್ಕಾರದ ಹತೋಟಿ. ಇಟ್ಟುಕೊಂಡವರು ಬರೆಸಬೇಕು, ಚೀಟಿ ಪಡೆಯಬೇಕು.

ಬೆಳಗಾವಿಯ ಕಲೆಕ್ಟರ್ ಸೆಟನ್-ಕರ್ ಈ ಸೀಮೆಯ ಸಂಸ್ಥಾನಗಳ ಮೇಲ್ವಿಚಾರಣೆಯನ್ನೂ ನೋಡುತ್ತಿದ್ದ. ಮುಧೋಳದ ಘೋರ್ಪಡೆ ಅರಸರ ಸಂಸ್ಥಾನಕ್ಕೂ ಈ ಹುಕುಂ ಬಂತು. ಸಂಸ್ಥಾನದ ಹಳ್ಳಿಗಳಲ್ಲಿ ಹಲಗಲಿಯೂ ಒಂದು.

ಭಾಗ 6 | ಹಲಗಲಿ, ನವೆಂಬರ್ 1857

ಹಲಗಲಿಯ ಬೇಡರು ಬೇಟೆಗಾರರು, ಕಾವಲಿನವರು, ದಂಡಿನ ನೌಕರಿಯವರು. ಹತ್ಯಾರ ಬರೆಸ್ರಿ ಅಂದಾಗ ಅವರಿಗೆ ಕೇಳಿಸಿದ್ದು ಬೇರೆ: ಇವತ್ತು ಬರೆಸು ಅಂತಾರ, ನಾಳೆ ಒಪ್ಪಿಸು ಅಂತಾರ. ಪಟ್ಟಿ ಇದ್ದಮೇಲೆ ಕಸಿದುಕೊಳ್ಳಲು ಎಷ್ಟು ಹೊತ್ತು? ಲಾವಣಿ ಅಂತೂ ಬರೆಸುವ ಮಾತನ್ನೇ ಎತ್ತುವುದಿಲ್ಲ, ಹತ್ಯಾರ ಕಸಿಯುವ ಹುಕುಂ ಅಂತಲೇ ಹಾಡುತ್ತದೆ.

ಮುಧೋಳದ ಕಾರಭಾರಿ ಮೊದಲು ಸಮಾಧಾನ ಮಾಡಲು ನೋಡಿದ. ಕೆಲವರು ಬರೆಸಿದರೂ ಹೌದು. ಆದರೆ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಗಿ ಊರನ್ನು ಒಂದುಗೂಡಿಸಿದರು. ಸುತ್ತಲಿನ ಊರುಗಳಿಂದಲೂ ಬೇಡರು ಬಂದು ಸೇರಿದರು. ಹೇಳಲು ಬಂದ ಸರ್ಕಾರಿ ಮಂದಿಯನ್ನು ಹೊಡೆದು ಓಡಿಸಿದರು. ಮುಧೋಳದ ಪಡೆ ಬಂದರೆ ಗುಂಡಿನಿಂದ ಉತ್ತರ ಕೊಟ್ಟರು.

ನವೆಂಬರ್ 29ರಂದು ಕರ್ನಲ್ ಮಾಲ್ಕಮ್‌ನ ಕೈಕೆಳಗೆ ದಕ್ಷಿಣ ಮರಾಠಾ ಕುದುರೆ ಪಡೆ ಬಂತು. ಲಾವಣಿಯಲ್ಲಿ ಬರುವ ಕಾರಸಾಹೇಬ ಅಂದ್ರೆ ಕೊಲ್ಲಾಪುರದಲ್ಲಿ ಬಾಗಿಲು ಒಡೆದ ಆ ಕೆರ್. ಕುದುರೆ ಪಡೆ ಊರಿನ ಹೊರಗೆ ಬಂದವರನ್ನು ಒಳಗೆ ಅಟ್ಟಿತು, ಊರನ್ನು ಸುತ್ತುಗಟ್ಟಿತು. 30ಕ್ಕೆ ಊರಿಗೆ ಬೆಂಕಿ ಇಟ್ಟರು.

ಇಲ್ಲಿ ನಿಂತು ಲೆಕ್ಕ ಹಾಕ್ರಿ. ಬೇಡರ ಕೈಯಲ್ಲಿ ಹತ್ಯಾರ ಇದ್ದವು, ಧೈರ್ಯ ಇತ್ತು, ಗುರಿಯೂ ಇತ್ತು. ಆದರೆ ಅವರ ಹತ್ಯಾರ ಆರಿಸಿದ್ದು ಕಾಡಿಗೆ, ಬೇಟೆಗೆ, ಕಳ್ಳರ ಬೆನ್ನು ಹತ್ತಲಿಕ್ಕೆ. ಬಯಲಲ್ಲಿ ಕುದುರೆ ಎದುರಿಸಲಿಕ್ಕೆ ಅಲ್ಲ, ಹುಲ್ಲು ಮಾಡಿನ ಮನೆಯೊಳಗೆ ಕೂತು ಬೆಂಕಿ ಎದುರಿಸಲಿಕ್ಕಂತೂ ಅಲ್ಲವೇ ಅಲ್ಲ. ರಾಯಣ್ಣನ ಹಾಗೆ ಕಾಡಿಗೆ ಹೋಗಬಹುದಿತ್ತು. ಆದರೆ ಹೆಂಡರು ಮಕ್ಕಳು, ದನಕರ, ಕಣದ ಕಾಳು ಊರಲ್ಲೇ ಇದ್ದವು. ಮನೆ ಕಾಯಲು ಹಿಡಿದ ಹತ್ಯಾರ ಅವರನ್ನು ಮನೆಗೇ ಕಟ್ಟಿಹಾಕಿತು.

ನೂರರಷ್ಟು ಮಂದಿ ಸತ್ತರು, ಸುಮಾರು 290 ಮಂದಿ ಸೆರೆ ಸಿಕ್ಕರು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ, ಸಂತೆಯ ದಿನ, 13 ಮಂದಿಗೆ ಗಲ್ಲು. 14ಕ್ಕೆ ಹಲಗಲಿಯಲ್ಲೇ 6 ಮಂದಿಗೆ. ಸಂತೆಯ ದಿನ ಯಾಕೆ ಆರಿಸಿದರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಭಾಗ 7 | ಒಂದೇ ಕಾಯ್ದೆ, ಎರಡು ನ್ಯಾಯ

ಈ ಭಾಗದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ನಮ್ಮ ಶಾಸನಗಳನ್ನು ಓದಿದ ವಿದ್ವಾಂಸ. ಅವನು ಸಂಗ್ರಹಿಸಿದ ಲಾವಣಿಗಳಲ್ಲಿ ಹಲಗಲಿಯದೂ ಒಂದು. ಕವಿ ಕುರ್ತಕೋಟಿಯ ಕಲ್ಮೇಶನ ಅಂಕಿತ ಅದರಲ್ಲಿದೆ.

ಆ ಲಾವಣಿಯ ಕೊನೆಯ ಭಾಗ ಓದಿದವರಿಗೆ ನೆನಪಿರಬೇಕು. ದಂಡು ಏನೇನು ದೋಚಿತು ಅನ್ನುವ ಪಟ್ಟಿ ಅದು. ಕಬ್ಬಿಣದ ಸಾಮಾನಿನಿಂದ ಶುರುವಾಗಿ ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಮಂಗಳಸೂತ್ರ, ಬೀಸುಕಲ್ಲಿನ ತನಕ ಹೋಗುತ್ತದೆ. ಸರ್ಕಾರ ಹತ್ಯಾರದ ಪಟ್ಟಿ ಮಾಡಲು ಬಂದಿತ್ತು, ಕವಿ ಮನೆಯ ಪಟ್ಟಿ ಮಾಡಿಟ್ಟ. ಹತ್ಯಾರ ಯಾವುದನ್ನು ಕಾಯಲು ಇತ್ತೋ ಅದೇ ಆ ಪಟ್ಟಿ.

ನಿಶ್ಶಸ್ತ್ರೀಕರಣದ ಸಿಟ್ಟು ಹಲಗಲಿಗೇ ನಿಲ್ಲಲಿಲ್ಲ. ನರಗುಂದದ ಬಾಬಾಸಾಹೇಬನಿಗೆ ದತ್ತಕ ಒಪ್ಪಲಿಲ್ಲ ಅನ್ನುವ ನೋವು ಮೊದಲಿತ್ತು, ಹತ್ಯಾರ ಒಪ್ಪಿಸಬೇಕು ಅನ್ನುವ ಒತ್ತಡ ಅದಕ್ಕೆ ಸೇರಿತು. 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನಮ್ಮ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಕೊಲೆಯಾದ. ಜೂನ್ 12ಕ್ಕೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಈಗ ಇನ್ನೊಂದು ಕಡೆ ನೋಡ್ರಿ. ಕೊಡಗಿನಲ್ಲೂ ಮನೆಮನೆಯಲ್ಲಿ ಕೋವಿ ಇತ್ತು. ಅಲ್ಲೂ ಕೋವಿ ಅಂದ್ರೆ ಬೇಟೆ, ಮರ್ಯಾದೆ, ಹಬ್ಬ. 1861ರ ಫೆಬ್ರವರಿಯಲ್ಲಿ, ಅಂದ್ರೆ ಹಲಗಲಿ ಸುಟ್ಟು ನಾಲ್ಕು ವರ್ಷ ತುಂಬುವ ಮೊದಲೇ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಹತ್ಯಾರದ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಸರ್ಕಾರಕ್ಕೆ ನಿಷ್ಠರಾಗಿದ್ದರು ಅನ್ನುವುದು ಕಾರಣ. ಆ ವಿನಾಯಿತಿ ಇಂದಿಗೂ ನಡೆದು ಬಂದಿದೆ, ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿದೆ.

ಕೊಡವರ ಮೇಲೆ ಹೊಟ್ಟೆಕಿಚ್ಚಿನ ಮಾತಲ್ಲ ಇದು. ಅವರ ಕೋವಿಯ ಸಂಸ್ಕೃತಿ ಅವರದು. ಆದರೆ ಕಾಯ್ದೆ ನೋಡಿದ್ದು ಯಾವ ಬಂದೂಕು, ಎಷ್ಟು ಅಪಾಯ ಅನ್ನುವುದನ್ನಲ್ಲ. ಹಿಡಿದವನು ಯಾರ ಪಕ್ಷ ಅನ್ನುವುದನ್ನು. ಒಂದು ಕಡೆ ಚೀಟಿಯೇ ಬೇಡ ಅಂದರು, ಇನ್ನೊಂದು ಕಡೆ ಚೀಟಿ ಒಲ್ಲೆ ಅಂದವರಿಗೆ ಹಗ್ಗ ಕೊಟ್ಟರು.

ಭಾಗ 8 | ಸೀಟಿ, ಖಾದಿ, ಕವಾಯತು

1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಇನ್ನೂ ಬಿಗಿಯಾದ ಶಸ್ತ್ರ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್, ಯುರೋಪಿಯನ್ನರಿಗೆ ವಿನಾಯಿತಿ. ಅಪಾಯ ಬಂದೂಕಿನಲ್ಲಿ ಇದ್ದಿದ್ದರೆ ಇಬ್ಬರಿಗೂ ಒಂದೇ ನಿಯಮ ಇರಬೇಕಿತ್ತಲ್ಲ? ಈ ಅವಮಾನ ಓದುಬರಹ ಬಲ್ಲವರನ್ನೂ ಚುಚ್ಚಿತು. ಅಹಿಂಸೆಯ ಕಾಂಗ್ರೆಸ್ಸೇ 1931ರ ಕರಾಚಿ ಠರಾವಿನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಕ್ಕೆ ಒಳಪಟ್ಟು ಹತ್ಯಾರ ಇಟ್ಟುಕೊಳ್ಳುವ ಹಕ್ಕನ್ನು ಸೇರಿಸಿತು. ಮುಂದೆ ನಮ್ಮ ಸಂವಿಧಾನದಲ್ಲಿ ಆ ಹಕ್ಕು ಬರಲಿಲ್ಲ.

ಹತ್ಯಾರ ಇಲ್ಲದ ಕಾಲದಲ್ಲಿ ತಾಲೀಮು ಏನಾಯಿತು? ಅದಕ್ಕೆ ಉತ್ತರ ಗೋಕಾಕ ತಾಲೂಕಿನಲ್ಲೇ ಐತಿ.

ಡಾ. ನಾ. ಸು. ಹರ್ಡೀಕರ ಅಮೆರಿಕದಲ್ಲಿ ಓದಿ ಬಂದ ವೈದ್ಯರು. 1923ರ ಡಿಸೆಂಬರದಲ್ಲಿ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಕಟ್ಟಿದರು, ಹುಬ್ಬಳ್ಳಿ ಅದರ ಕೇಂದ್ರ. ಮುಂದಿನ ವರ್ಷ ಗಾಂಧೀಜಿ ಅಧ್ಯಕ್ಷರಾದ ಬೆಳಗಾವಿ ಅಧಿವೇಶನದಲ್ಲಿ ಈ ಸ್ವಯಂಸೇವಕರ ಶಿಸ್ತನ್ನು ದೇಶವೇ ನೋಡಿತು. 1929ರಲ್ಲಿ ಡಾ. ಕೋಕಟನೂರ ಅವರ ಜೊತೆ ಸೇರಿ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮ ಶುರು ಮಾಡಿದರು. ನಮ್ಮವರು ಇವತ್ತಿಗೂ ತೋರಿಸಿಕೊಳ್ಳಲು ಹೋಗುವ ದವಾಖಾನೆ ಅದು.

ಸೇವಾದಳದವರ ಸಾಮಾನು ಏನು? ಖಾದಿ ಸಮವಸ್ತ್ರ, ಸೀಟಿ, ಬಾವುಟ, ಮತ್ತು ದಿನಾ ಕವಾಯತು. ಗುಂಡು ಹಾರಿಸಲು ಕಲಿಸಲಿಲ್ಲ. ಹೇಳಿದಾಗ ಸಾಲು ನಿಲ್ಲುವುದು, ಗದ್ದಲದಲ್ಲಿ ಓಡಿಹೋಗದೆ ಇರುವುದು, ಲಾಠಿ ಬಿದ್ದರೂ ಜಾಗ ಬಿಡದೆ ಇರುವುದು ಕಲಿಸಿದರು. ಸರ್ಕಾರಕ್ಕೆ ಇದು ಬಂದೂಕಿಗಿಂತ ಕಡಿಮೆ ಅನ್ನಿಸಲಿಲ್ಲ, 1932ರಲ್ಲಿ ಸೇವಾದಳಕ್ಕೆ ನಿಷೇಧ ಹಾಕಿತು.

ಹಲಗಲಿಯಲ್ಲಿ ಹತ್ಯಾರ ಇತ್ತು, ಸುತ್ತಲಿನ ಸೀಮೆಯ ಕೂಟ ಸಾಲಲಿಲ್ಲ. ಸೇವಾದಳದಲ್ಲಿ ಹತ್ಯಾರ ಇರಲಿಲ್ಲ, ಕೂಟ ಇತ್ತು. ಎರಡೂ ಒಂದೇ ಹೊಳೆಯ ದಂಡೆಯವು.

ಭಾಗ 9 | ಇವತ್ತು ಕೇಳುವವರಿಗೆ

ಕೊನೆಗೆ ಮೊದಲ ಪ್ರಶ್ನೆಗೆ ಬರೋಣ: ಏನು ಆರಿಸಬೇಕು?

ಈಗ ನಡೆಯುವುದು 1959ರ ಶಸ್ತ್ರ ಕಾಯ್ದೆ. 1878ರ ಕಾಯ್ದೆಯ ಹಾಗೆ ಚರ್ಮದ ಬಣ್ಣ ನೋಡುವುದಿಲ್ಲ. 21 ವರ್ಷ ಆಗಿರಬೇಕು. ನಮ್ಮ ಮೂರೂ ತಾಲೂಕಿನವರು ಬೆಳಗಾವಿ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಹಾಕಬೇಕು, ಪೊಲೀಸರ ವರದಿ ಬರಬೇಕು. ಬೆಳೆ ಕಾಯಲು ಮುಂದಿನಿಂದ ಮದ್ದು ತುಂಬುವ ಬಂದೂಕನ್ನು ಈ ಕಾಯ್ದೆ ಹೆಸರು ಹಿಡಿದೇ ಹೇಳುತ್ತದೆ. ಅಂದ್ರೆ ಹಲಗಲಿಯವರ ಬಂದೂಕಿನ ತಮ್ಮ ಇನ್ನೂ ಕಾಯ್ದೆಯ ಪುಸ್ತಕದಲ್ಲಿ ಬದುಕಿದ್ದಾನೆ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ 3ರ ಬದಲು 2 ಬಂದೂಕು, ಲೈಸೆನ್ಸ್ ಅವಧಿ 5 ವರ್ಷ.

2016ರ ನಿಯಮಗಳು ಬಂದೂಕು ಕೊಳ್ಳುವ ಮೊದಲೇ ಸುರಕ್ಷತೆಯ ತರಬೇತಿ ಕೇಳುತ್ತವೆ: ಹಿಡಿಯುವುದು ಹೇಗೆ, ಒಯ್ಯುವುದು ಹೇಗೆ, ಬೀಗ ಹಾಕಿ ಇಡುವುದು ಹೇಗೆ. ಇದನ್ನ ಬರೀ ಸರ್ಟಿಫಿಕೇಟಿನ ಕಿರಿಕಿರಿ ಅನ್ನಬ್ಯಾಡ್ರಿ. ಬಾಳಪ್ಪನ ತಾಲೀಮು, ಕಿತ್ತೂರಿನ ಮದ್ದಿನ ಉಗ್ರಾಣ, ರಾಯಣ್ಣನ ಹಳ್ಳದ ದಂಡೆ, ಮೂರೂ ಪಾಠ ಆ ನಿಯಮದಲ್ಲಿ ಕೂತಿವೆ.

ಹಿಂಗಾಗಿ ಖರ್ಚಿನ ಕ್ರಮ ಇದು. ಮೊದಲು ಕಲಿಕೆ. ಓದುವ ಹುಡುಗ ಹುಡುಗಿಯರಿಗೆ ಎನ್‌ಸಿಸಿ ಐತಿ, .22 ರೈಫಲ್‌ನಿಂದ ಸರಿಯಾದವರ ಕೈಕೆಳಗೆ ಕಲಿಯಬಹುದು. ಆಮೇಲೆ ಕಿವಿಗೆ ಮಫ್, ಕಣ್ಣಿಗೆ ಗಟ್ಟಿ ಕನ್ನಡಕ. ಗುಂಡಿನ ಸದ್ದಿಗೆ ಹೋದ ಕಿವಿ ಮರಳಿ ಬರುವುದಿಲ್ಲ. ಆಮೇಲೆ ಗೋಡೆಗೆ ಜಡಿದ ಉಕ್ಕಿನ ಪೆಟ್ಟಿಗೆ, ಕೀಲಿ ಒಬ್ಬರ ಹತ್ತಿರ, ಗುಂಡು ಬೇರೆ ಕಡೆ ಬೀಗದಲ್ಲಿ. ಒರೆಸುವ ಕಡ್ಡಿ, ಎಣ್ಣೆ. ಇಷ್ಟು ಆಗದಿದ್ದರೆ ಬಂದೂಕು ತರಲೇಬ್ಯಾಡ್ರಿ. ಮಕ್ಕಳಿರುವ ಮನೆಯಲ್ಲಿ ಬೀಗ ಇಲ್ಲದ ಬಂದೂಕು ಕಳ್ಳನಿಗಿಂತ ಮೊದಲು ಮನೆಯವರಿಗೇ ಗಂಡಾಂತರ.

ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಅದಕ್ಕೂ ಅಳತೆ ಉಂಟು: ತಪ್ಪಿಸಿಕೊಳ್ಳಲು ಬೇಕಾದಷ್ಟೇ ಪೆಟ್ಟು. ಓಡಿಹೋಗುವ ಕಳ್ಳನ ಬೆನ್ನಿಗೆ ಹೊಡೆದ ಗುಂಡು ರಕ್ಷಣೆ ಅನ್ನಿಸಿಕೊಳ್ಳುವುದು ಕಷ್ಟ.

ಅಟ್ಟದ ಮೇಲೆ ಅಜ್ಜನ ಹಳೆ ಬಂದೂಕು ಇದ್ದವರಿಗೆ ಒಂದು ವಿನಂತಿ. ತುಕ್ಕು ಹಿಡಿದಿದೆ, ನೆನಪಿಗೆ ಇಟ್ಟಿದೀವಿ ಅಂತ ಸುಮ್ಮನಿರಬ್ಯಾಡ್ರಿ. ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡ ಮೇಲೆ ಆ ಲೈಸೆನ್ಸ್ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಠಾಣೆಗೆ ತಿಳಿಸಿ ಒಪ್ಪಿಸಿ, ರಸೀದಿ ತಗೊಳ್ರಿ. ಬೇಕಿದ್ದರೆ ವಾರಸುದಾರರಾಗಿ ಅರ್ಜಿ ಹಾಕ್ರಿ. ಲೈಸೆನ್ಸ್ ಇಲ್ಲದ ಬಂದೂಕಿಗೆ ಈಗ ಕನಿಷ್ಠ 2 ವರ್ಷ, 5 ವರ್ಷದ ತನಕ ಶಿಕ್ಷೆ ಐತಿ. ಮೊದಲೇ ವಕೀಲರ ಹತ್ತಿರ ಒಂದು ಮಾತು ಕೇಳಿಕೊಂಡು ಹೋದರೆ ಇನ್ನೂ ಚಲೋ.

ಹಲಗಲಿಯವರಿಗೆ ಬಂದ ಕಾಗದವನ್ನು ಬರೆದವನು ಅವರನ್ನು ಕೇಳಿರಲಿಲ್ಲ. ಅದಕ್ಕೆ ಆ ಪಟ್ಟಿಗೆ ಹೆಸರು ಬರೆಸುವುದು ಅವರಿಗೆ ಸೋಲು ಅನ್ನಿಸಿತು. ಇವತ್ತಿನ ರಿಜಿಸ್ಟರಿನ ಕಾಯ್ದೆಯನ್ನು ನಾವು ಆರಿಸಿ ಕಳಿಸಿದವರು ಮಾಡಿದ್ದಾರೆ. ತಪ್ಪಿದ್ದರೆ ಪ್ರಶ್ನೆ ಕೇಳುವ ಹಕ್ಕೂ ನಮಗಿದೆ. ಚುನಾವಣೆಗೆ ಮುಂಚೆ ಠಾಣೆಯಲ್ಲಿ ಸಹಿ ಹಾಕಿ ಬಂದೂಕು ಇಟ್ಟು ಬರುವವನು, ಆಮೇಲೆ ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಾನೆ. ಆ ಶಾಯಿ ಹಲಗಲಿಯವರ ಬೆರಳಿಗೆ ಎಂದೂ ಬಿದ್ದಿರಲಿಲ್ಲ.

#ಗೋಕಾಕ #ಮೂಡಲಗಿ #ಹುಕ್ಕೇರಿ #ಘಟಪ್ರಭಾ #ಹಲಗಲಿಬೇಡರು #ಕಿತ್ತೂರು #ನಮ್ಮಇತಿಹಾಸ #ಉತ್ತರಕರ್ನಾಟಕ